ಥಂಡರ್ಸ್ ಬ್ಯಾಂಡಿಗೆ ಅಡ್ಡ ಬಂದ ಕೈ

ಉಳವಪ್ಪ ಮಿಸ್ತ್ರಿಯ ಬಲಗೈ ಬಹಳ ಸಾಧು ಕೈ. ಯಾರಿಗೂ ಹೊಡೆದದ್ದಲ್ಲ, ಯಾರ ಮುಂದೆಯೂ ಚಾಚಿದ್ದಲ್ಲ. ಅಂಥ ಕೈ ಒಂದು ಸಂಜೆ ಸುಮ್ಮನೆ ಮೇಲೆದ್ದು ಗಾಳಿಯನ್ನು ನಾಲ್ಕು ಸಲ ತಟ್ಟಿದ್ದಕ್ಕೆ ದಾಂಡೇಲಿ ಎರಡು ಹೋಳಾಯಿತು ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ತೊಂಬತ್ತೆಂಟರ ಗಣೇಶ ಹಬ್ಬದಲ್ಲಿ ಆದದ್ದು ಅದೇ.

ಉಳವಪ್ಪ ಕಾಗದದ ಮಿಲ್ಲಿನಲ್ಲಿ ಮಶಿನ್ನಿನ ಮಿಸ್ತ್ರಿ. ಆ ಮಶಿನ್ನಿನ ಸಪ್ಪಳದ ಮುಂದೆ ಬಾಯಿ ಇದ್ದವನೂ ಮೂಕನೇ. ಹಾಗಾಗಿ ಅಲ್ಲಿ ಮಾತೆಲ್ಲ ಕೈಯಲ್ಲಿ. ಬೆರಳುಗಳನ್ನು ಮೇಲಕ್ಕೆ ಚಿಮ್ಮಿಸಿದರೆ ಜೋರು ಓಡಿಸು ಎಂದರ್ಥ. ಅಂಗೈ ಕೆಳಗೆ ಮಾಡಿ ಎಮ್ಮೆಯ ಬೆನ್ನು ತಟ್ಟಿದಂತೆ ತಟ್ಟಿದರೆ ನಿಧಾನ ಮಾಡು, ಕಾಗದ ಹರಿದೀತು ಎಂದರ್ಥ. ಮಿಸ್ತ್ರಿಯ ಕೈ ಹೀಗೆ ತಟ್ಟಿತೆಂದರೆ ಕೈಕೆಳಗಿನ ಹುಡುಗರು ಯಾಕೆ, ಏನು ಎಂದು ಕೇಳುವುದಿಲ್ಲ. ತಲೆಗೆ ತಿಳಿಯುವ ಮೊದಲೇ ಅವರ ಕೈಗಳು ನಿಧಾನ ಮಾಡಿಬಿಟ್ಟಿರುತ್ತವೆ. ಮಿಸ್ತ್ರಿ ಮತ್ತೆ ಬೆರಳು ಚಿಮ್ಮಿಸುವವರೆಗೆ ಯಾರೂ ವೇಗ ಹೆಚ್ಚಿಸುವಂತಿಲ್ಲ.

ಹೀಗೆ ಉಳವಪ್ಪನ ಕೈ ನೋಡಿ ಕೆಲಸ ಮಾಡುವ ನಾಲ್ವರು ಹುಡುಗರೇ ಸೇರಿ ಕಟ್ಟಿದ್ದು ‘ಕಾಳಿ ಥಂಡರ್ಸ್’ ಎಂಬ ರಾಕ್ ಬ್ಯಾಂಡು. ಮಶಿನ್ನಿನ ಪಕ್ಕದಲ್ಲಿ ನಿಂತು ನಿಂತು ಕಿವಿ ಮಂದವಾದವರು. ತಮಗೆ ಕೇಳಿಸುವಷ್ಟು ಜೋರಾಗಿ ಅವರು ಬಾರಿಸಿದರೆ ಅದು ಹಳಿಯಾಳದ ಅರ್ಧ ದಾರಿಗೆ ಕೇಳುತ್ತಿತ್ತು. ಪಾಳಿಗೆ ಕೂಗಿ ಕರೆಯುವ ಮಿಲ್ಲಿನ ಭೋಂಗಾದ ಮೇಲೆ ಅವರೇ ಕಟ್ಟಿದ ‘ಭೋಂಗಾ ಆತೋ, ಏಳೋ ಏಳೋ’ ಎಂಬ ಹಾಡು ಶುರುವಾದರೆ ಹುಡುಗರು ಕುರ್ಚಿಯ ಮೇಲೆ ಹತ್ತಿ ಕುಣಿಯುತ್ತಿದ್ದರು. ಜೋಯಿಡಾದಿಂದ ಟೆಂಪೋ ಮಾಡಿಕೊಂಡು ಜನ ಬರುತ್ತಿದ್ದರು. ದೇವರಾಜ ಎಂಬ ಸೈಕಲ್ ಅಂಗಡಿಯವನು ಅಭಿಮಾನಿಗಳ ಸಂಘವನ್ನೇ ಕಟ್ಟಿ, ಅದಕ್ಕೆ ತಾನೇ ಅಧ್ಯಕ್ಷನಾಗಿದ್ದ. ಸಪ್ಪಳ ತಾಳದೆ ಮಿಲ್ಲಿನ ಕಾಲನಿಯವರು ಹೊರಗೆ ಹಾಕಿದ ಮೇಲೆ ಬ್ಯಾಂಡಿನವರು ದಿನಾ ಅಭ್ಯಾಸ ಮಾಡುತ್ತಿದ್ದುದು ಅವನ ಕಾಕಾನ ಶೆಡ್ಡಿನಲ್ಲೇ.

ಬ್ಯಾಂಡಿನ ಮುಖಂಡ, ಗಿಟಾರಿನವನು, ಜ್ಯೋತಿಬಾ. ಉಳವಪ್ಪನ ಹೆಂಡತಿ ನಿರ್ಮಲಾಳ ಒಬ್ಬನೇ ತಮ್ಮ. ಕಷ್ಟ ಇರುವುದೇ ಇಲ್ಲಿ. ನಿರ್ಮಲಾ ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಹಿಂದೊಮ್ಮೆ ಉಳವಪ್ಪ ಅವನ ಗಿಟಾರಿಗೆ ‘ಹತ್ತಿ ಹಿಂಜೋ ಬಿಲ್ಲು’ ಎಂದದ್ದಕ್ಕೆ ಅವಳು ಗಂಟು ಕಟ್ಟಿಕೊಂಡು ತವರುಮನೆ ತೇರಗಾಂವಕ್ಕೆ ಹೋದವಳು, ದಸರೆ ಮುಗಿದ ಮೇಲೇ ಬಂದದ್ದು. ಅಷ್ಟು ದಿನ ತಾನೇ ಬೇಯಿಸಿದ್ದನ್ನು ತಾನೇ ಉಂಡ ಉಳವಪ್ಪ, ಇನ್ನು ಜನ್ಮದಲ್ಲಿ ಮೈದುನನ ಸಂಗೀತದ ಸುದ್ದಿಗೆ ಹೋಗುವುದಿಲ್ಲ ಎಂದು ಗಣಪನ ಎದುರಿಗೇ ಕಿವಿ ಹಿಡಿದುಕೊಂಡಿದ್ದ.

ಅಂಥವನಿಂದಲೇ ಇದಾಯಿತು. ಅಂದು ಅವನದು ಡಬಲ್ ಪಾಳಿ. ಕೆಲಸದಿಂದ ನೇರವಾಗಿ ಕಾಲನಿಯ ಗಣೇಶನ ಪೆಂಡಾಲಿಗೆ ಬಂದು, ಹೆಂಡತಿಯ ಅಪ್ಪಣೆಯಂತೆ ಮೊದಲ ಸಾಲಿನಲ್ಲಿ ಕೂತ. ಎರಡೂ ಕಡೆ ಆಳೆತ್ತರದ ಸ್ಪೀಕರು. ಬೇರೆಯವರಿಗೆ ಎದೆ ಒಡೆಯುವ ಆ ಸಪ್ಪಳ ಮಶಿನ್ನಿನವನಿಗೆ ಜೋಗುಳ. ಅವನು ಅಲ್ಲೇ ನಿದ್ದೆ ಹೋದ. ಕನಸಿನಲ್ಲಿ ಕಾಗದ ಓಡುತ್ತಿತ್ತು, ಜೋರಾಗಿ, ಇನ್ನೂ ಜೋರಾಗಿ, ಇನ್ನೇನು ಹರಿಯಬೇಕು. ಸುತ್ತ ಎಲ್ಲರೂ ಎದ್ದು ಕುಣಿಯುತ್ತಿದ್ದ ಗದ್ದಲದಲ್ಲಿ ಉಳವಪ್ಪ ನಿದ್ದೆಯಲ್ಲೇ ಎದ್ದು ನಿಂತು ಕೈ ಎತ್ತಿ ತಟ್ಟಿದ.

ಡ್ರಮ್ಮಿನ ಹಿಂದೆ ಕೂತ ಚನಬಸಪ್ಪನಿಗೆ ಕಣ್ಣಿಗೆ ಹೊಡೆಯುವ ಲೈಟಿನಲ್ಲಿ ಮುಖ ಕಾಣಲಿಲ್ಲ, ಕೈ ಮಾತ್ರ ಕಂಡಿತು. ಅಷ್ಟೇ ಸಾಕಾಯಿತು. ಡ್ರಮ್ಮು ನಿಧಾನವಾಯಿತು. ಡ್ರಮ್ಮಿನ ಹಿಂದೆ ಗಿಟಾರು, ಗಿಟಾರಿನ ಹಿಂದೆ ಹಾಡು. ಉಳವಪ್ಪನಿಗೆ ಎಚ್ಚರವಾದಾಗ ಅವನ ಕೈ ಇನ್ನೂ ಗಾಳಿಯಲ್ಲಿತ್ತು. ಚೇಳು ಕಡಿದವನಂತೆ ಅದನ್ನು ಎಳೆದು ಕಿಸೆಯಲ್ಲಿ ತುರುಕಿಕೊಂಡು ಕೂತ. ಬೆರಳು ಚಿಮ್ಮಿಸಿ ಸರಿಮಾಡೋಣವೆಂದರೆ, ಯಾರಾದರೂ ನೋಡಿದರೆ ಎಂಬ ಅಂಜಿಕೆ. ಜೋರು ಮಾಡು ಎನ್ನುವ ಕೈ ಕಾಣಲಿಲ್ಲ, ಹುಡುಗರು ಜೋರು ಮಾಡಲಿಲ್ಲ. ಉಳಿದ ಹಾಡುಗಳೆಲ್ಲ ಕಬ್ಬು ತುಂಬಿದ ಚಕ್ಕಡಿಯಂತೆ ಸಾಗಿದವು. ಎಲ್ಲರನ್ನೂ ಎಬ್ಬಿಸುವ ‘ಏಳೋ ಏಳೋ’ ಕೇಳಿ ತಾಯಂದಿರ ಮಡಿಲಲ್ಲಿದ್ದ ಕೂಸುಗಳು ಮಲಗಿಬಿಟ್ಟವು.

ಮರುದಿನ ಉಳವಪ್ಪನಿಗೆ ವಾರದ ರಜೆ. ಬೆಳಿಗ್ಗೆ ಚಹಾದಂಗಡಿಗೆ ಹೋದರೆ ಅಲ್ಲಿ ಚಹಾಕ್ಕಿಂತ ಜನ ಹೆಚ್ಚು ಕುದಿಯುತ್ತಿದ್ದರು.

“ಥಂಡರ್ಸ್ ಸತ್ತೈತ್ರಿ!” ದೇವರಾಜ ತೋಳಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ನಿಂತಿದ್ದ. “ಅದೇನು ರಾಕೇನ್ರಿ? ನಮ್ಮ ಅಜ್ಜಿ ಬೀಸುಕಲ್ಲಿನ ಪದ ಅದಕ್ಕಿಂತ ಜೋರ ಇರ್ತಿದ್ವು. ಜೋಯಿಡಾದ ಮಂದಿ ಟೆಂಪೋದಾಗ ಅಳಕೋತ ಹೋದ್ರು!”

“ಸತ್ತಿಲ್ಲೋ ತಮ್ಮಾ, ನಿನ್ನೆನ ಹುಟ್ಟೈತಿ,” ಎಂದರು ಬೆಂಚಿನ ತುದಿಯಲ್ಲಿ ಕೂತ ಬಸಲಿಂಗಯ್ಯ. ಮಿಲ್ಲಿನಿಂದ ರಿಟೈರಾದವರು, ಉಳವಪ್ಪನ ಪಕ್ಕದ ಮನೆಯವರು. “ಇಷ್ಟು ವರ್ಷ ಆತು, ಆ ಹಾಡಿನಾಗ ಮಾತೂ ಅದಾವಂತ ನನಗ ನಿನ್ನೇನ ಗೊತ್ತಾಗಿದ್ದು. ರಾತ್ರಿ ಗುಳಿಗಿ ಇಲ್ದ ನಿದ್ದಿ ಬಂತು.”

“ನಿದ್ದಿ ಬರೂವಂಗ ಬಾರ್ಸಿದ್ರ ಅದು ರಾಕ್ ಹೆಂಗಾತ್ರಿ ಅಯ್ಯಾರ?”

“ಏನರ ಆಗ್ಲಿ, ಛಲೋ ಆಗೈತಿ.”

ಗಣೇಶಗುಡಿಯಿಂದ ಬಂದಿದ್ದ ಫಾರೆಸ್ಟ್ ಗಾರ್ಡ್ ಒಬ್ಬ ಬಸಲಿಂಗಯ್ಯನವರ ಪಕ್ಷ ಹಿಡಿದ. ಹಿಂದಿನ ವರ್ಷ ಥಂಡರ್ಸ್ ಅಲ್ಲಿ ಬಾರಿಸಿ ಬಂದ ಮೇಲೆ ವಾರಗಟ್ಟಲೆ ಒಂದು ಮಂಗಟ್ಟೆ ಹಕ್ಕಿಯೂ ಆ ಕಡೆ ಸುಳಿದಿರಲಿಲ್ಲವಂತೆ. ದೇವರಾಜನ ಕಡೆಯವನೊಬ್ಬ, ಹಾಗಾದರೆ ಇನ್ನು ಮೇಲೆ ಹಕ್ಕಿಗಳಿಗೇ ಟಿಕೀಟು ಮಾರಿ ಎಂದ. ಮಾತಿಗೆ ಮಾತು ಬೆಳೆದು ಒಬ್ಬನ ಚಹಾ ಇನ್ನೊಬ್ಬನ ಅಂಗಿಯ ಮೇಲೆ ಹೋಯಿತು. ಉಳವಪ್ಪ ಕಪ್ಪಿನಲ್ಲಿ ಮುಖ ಹುದುಗಿಸಿ ಕೂತಿದ್ದ.

“ಸುಳ್ಳ ಜಗಳ ಯಾಕ?” ಎಂದ ದೇವರಾಜ. “ನಾ ಮುಂಜಾನೆನ ಚನಬಸಪ್ಪನ್ನ ಹಿಡದು ಕೇಳೇನಿ. ‘ಯಾವುದೋ ಒಂದು ಕೈ ಕಂಡ್ತು, ನಿಧಾನ ಅಂತು, ಮಾಡಿದ್ನಿ’ ಅಂದ. ಮುಂದಿನ ಸಾಲಿನಾಗ ಕುಂತ ಮಶಿನ್ನಿನ ಮಂದಿ ಒಳಗ ಯಾವನೋ ಒಬ್ಬಾಂವ ಮಾಡ್ಯಾನ. ಆ ಕೈ ಸಿಗಲಿ, ಮುರದು ಕಾಳಿ ಹೊಳಿಗೆ ಒಗೀತೇನಿ. ಅಲ್ಲೀತನಕ ಬ್ಯಾಂಡಿಗೆ ಶೆಡ್ಡೂ ಇಲ್ಲ. ನಮ್ಮ ಕಾಕಾನ ಶೆಡ್ಡಿಗೆ ಕೀಲಿ ಜಡದು ಬಂದೇನಿ.”

“ಮುರೀತಿ? ಮುರದು ನೋಡು!” ಬಸಲಿಂಗಯ್ಯ ಎದ್ದೇ ನಿಂತರು. “ಆ ಕೈ ಸಿಕ್ರ ನಾವು ಬೆಳ್ಳಿ ಕಡಗ ಹಾಕಿ ಮೆರವಣಿಗಿ ಮಾಡ್ತೀವಿ.”

ಒಂದೇ ಕೈ, ಒಂದು ಕಡೆ ಮುರಿಯುವವರು, ಇನ್ನೊಂದು ಕಡೆ ಕಡಗ ಹಾಕುವವರು. ಬೇರೆ ಯಾರಾದರೂ ಆಗಿದ್ದರೆ ಕಡಗದ ಕಡೆ ಹೋಗಿ ನಿಲ್ಲುತ್ತಿದ್ದರು. ಉಳವಪ್ಪನಿಗೆ ಆ ದಾರಿಯೂ ಇರಲಿಲ್ಲ. ಕಡಗ ಬಂದರೆ ಹೆಸರು ಬರುತ್ತದೆ, ಹೆಸರು ಬಂದರೆ ನಿರ್ಮಲಾಳಿಗೆ ಗೊತ್ತಾಗುತ್ತದೆ, ಗೊತ್ತಾದರೆ ಮಧ್ಯಾಹ್ನದ ಬಸ್ಸಿಗೆ ಅವಳು ತೇರಗಾಂವಕ್ಕೆ. ಈ ಸಲ ದಸರೆಗೂ ಬರುವುದಿಲ್ಲ, ದೀಪಾವಳಿಗೂ ಬರುವುದಿಲ್ಲ.

“ಮಿಸ್ತ್ರಿ, ನೀವು ಮುಂದ ಕುಂತಿದ್ರಿ. ನಿಮಗ ಕಂಡಿರಬೇಕಲ್ಲ ಆ ಕೈ?” ದೇವರಾಜ ಒಮ್ಮೆಗೇ ತಿರುಗಿ ಕೇಳಿದ.

“ನಾ ಮಲಗಿದ್ನೆಪಾ,” ಎಂದ ಉಳವಪ್ಪ. ಸಂಜೆಯವರೆಗೆ ಅವನು ಆಡಿದ ಒಂದೇ ಒಂದು ನಿಜ ಅದು.

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು, ದೇವರಾಜನೂ ನಕ್ಕ. “ಥಂಡರ್ಸ್ ಬಾರಿಸುವಾಗ, ಅದೂ ಸ್ಪೀಕರ್ ಮುಂದ! ಹೇಳೂದಕ್ಕೂ ಒಂದು ಅಳತಿ ಬ್ಯಾಡೇನ್ರಿ? ಅಂದ್ರ ನೀವು ನೋಡೀರಿ, ಯಾರನ್ನೋ ಮುಚ್ಚಾಕತ್ತೀರಿ. ಇರಲಿ. ಸಂಜೀಕ ಪೆಂಡಾಲಿಗೆ ಬರ್ರಿ. ಮೊದಲನೇ ಸಾಲಿನಾಗ ಕುಂತವರೆಲ್ಲಾ ಬರಬೇಕು. ಚನಬಸಪ್ಪ ಡ್ರಮ್ ಜೋರ ಬಾರಸ್ತಾನ, ಒಬ್ಬೊಬ್ಬರ ಬಂದು ಕೈ ತೋರಸ್ಬೇಕು. ಯಾರ ಕೈಗೆ ಅವನ ಡ್ರಮ್ ನಿಧಾನ ಆಕ್ಕೈತೋ ಅವನ ಕಳ್ಳ.”

“ಕಳ್ಳ ಅಲ್ಲ, ಪುಣ್ಯವಂತ,” ಎಂದು ತಿದ್ದಿದರು ಬಸಲಿಂಗಯ್ಯ. ಆದರೆ ಪರೀಕ್ಷೆಗೆ ಅವರೂ ಒಪ್ಪಿದರು.

ಉಳವಪ್ಪ ಮನೆಗೆ ಬಂದವನೇ ಬಚ್ಚಲಿಗೆ ಹೋಗಿ, “ಅಯ್ಯಯ್ಯೋ ಸತ್ತೆ!” ಎಂದು ಕೂಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ದಡ್ಡ. ಉಳವಪ್ಪ ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಹೆಗಲಿಗೇ ಬಟ್ಟೆ ಸುತ್ತಿಕೊಳ್ಳಲು ಹೊರಟಿದ್ದ.

“ಏನಾತ್ರೀ?” ನಿರ್ಮಲಾ ಓಡಿಬಂದಳು.

“ಹಂಡೇದ ನೀರು ಬಿತ್ತು. ಬಲಗೈ ಸುಟ್ಟಿತು. ಬಟ್ಟಿ ಕಟ್ಟು, ಜಲ್ದಿ.”

ನಿರ್ಮಲಾ ಹಂಡೆಯನ್ನು ನೋಡಿದಳು. ಗಂಡನ ಮುಖವನ್ನು ನೋಡಿದಳು. ಹಳೆಯ ಸೀರೆಯೊಂದನ್ನು ಹರಿದು, ಬೆರಳ ತುದಿಯಿಂದ ಮೊಳಕೈವರೆಗೆ ಸುತ್ತಿದಳು. ಅವಳ ಕಳಕಳಿ ಉಳವಪ್ಪನನ್ನು ಚುಚ್ಚಿತು. ಇಂಥ ಹೆಂಡತಿಗೆ ಸುಳ್ಳು ಹೇಳುತ್ತಿದ್ದೇನಲ್ಲ ಎನಿಸಿತು.

“ಸಾಕು ಬಿಡು, ಕೈ ಹೋಗಿ ಒರಗೋ ಲೋಡಾತು,” ಎಂದ.

“ಸುಮ್ನ ಕುಂದರ್ರಿ. ಇನ್ನೊಂದು ಸುತ್ತು ಹಾಕ್ತೇನಿ. ಒಂದು ಬೆರಳೂ ಹೊರಗ ಕಾಣಬಾರ್ದು.”

ಕೂಗು ಕೇಳಿ ಓಣಿಯ ಮಾಲವ್ವ ಬಂದಳು. ಯಾರ ಮನೆಯಲ್ಲಿ ಯಾರಿಗೆ ಏನಾದರೂ ಮೊದಲು ಬಂದು ಮದ್ದು ಹೇಳುವವಳು. ಕಟ್ಟಿದ್ದನ್ನು ಬಿಚ್ಚಲೇಬೇಕೆಂದು ಹಟ ಹಿಡಿದು ಬಿಚ್ಚಿ, ಕೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

“ಗುಳ್ಳಿ ಎಲ್ಲೈತ್ರಿ ಅಣ್ಣಾರ?”

“ಒಳಗ ಐತಬೇ. ಇನ್ನ ಮ್ಯಾಲೆ ಬಂದಿಲ್ಲ.”

“ಒಳಗುಳ್ಳಿ ಭಾಳ ಖೊಟ್ಟಿ,” ಎಂದು ಮಾಲವ್ವ ಜೇನುತುಪ್ಪ ಸವರಿದಳು. ಅವಳ ಹಿಂದೆ ಬಂದವಳು ಅದು ತಪ್ಪು ಎಂದು ಇಡ್ಲಿ ಹಿಟ್ಟು ಬಳಿದಳು. ಎದುರು ಮನೆಯವರು ಶಾಯಿಯ ಬಾಟಲಿಯನ್ನೇ ಬಗ್ಗಿಸಿದರು. ಎಲ್ಲದರ ಮೇಲೆ ನಿರ್ಮಲಾ ಮತ್ತೆ ಸೀರೆ ಸುತ್ತಿದಳು. ಮಧ್ಯಾಹ್ನದ ಹೊತ್ತಿಗೆ ಆ ಕೈಗೆ ಇರುವೆ ಹತ್ತಿದವು. ಉಳವಪ್ಪ ಕಡಿತ ತಡೆಯಲಾರದೆ ಕುಣಿದರೆ, ನೋಡಿದವರು ಸುಟ್ಟ ಉರಿ ಎಂದು ಮರುಗಿದರು. ಎಡಗೈಯಲ್ಲಿ ಉಣ್ಣುವುದು ಹೇಗೆಂದು ಅವನು ತಾಟಿನ ಮುಂದೆ ಕೂತಾಗ ನಿರ್ಮಲಾ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಬಾಯಿಗಿಟ್ಟಳು. ಮದುವೆಯಾದಂದಿನಿಂದ ಅವಳು ಹೀಗೆ ಉಣ್ಣಿಸಿದ್ದಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ಅದಕ್ಕೆ ಅರ್ಧ ಕಾರಣ ಇರುವೆ.

ಅಷ್ಟರಲ್ಲಿ ಜ್ಯೋತಿಬಾ ಬಂದು ಬಾಗಿಲಲ್ಲೇ ಕುಸಿದು ಕೂತ. “ಅಕ್ಕಾ, ನಮ್ಮ ಬ್ಯಾಂಡ್ ಮುಗೀತು. ಅರ್ಧಾ ಮಂದಿ ಬೈತಾರ, ಅರ್ಧಾ ಮಂದಿ ಕೈ ಮುಗೀತಾರ. ಬೈಯ್ಯವರಿಗೆ ಏನ್ ಹೇಳ್ಲಿ, ಮುಗಿಯವರಿಗೆ ಏನ್ ಹೇಳ್ಲಿ? ನಾವಂತೂ ಬೇಕಂತ ಮಾಡಿದ್ದಲ್ಲ. ಶೆಡ್ಡಿಗೂ ಕೀಲಿ ಬಿತ್ತು. ಆ ಕೈ ಯಾರದೋ ಒಮ್ಮೆ ಗೊತ್ತಾಗಲಿ...”

“ಗೊತ್ತಾಗ್ತೈತಿ ಬಿಡೋ. ಸಂಜೀತನಕ ತಡಿ,” ಎಂದಳು ನಿರ್ಮಲಾ. ಉಳವಪ್ಪ ಎಡಗೈಯಿಂದ ತಾಟನ್ನು ದೂರ ಸರಿಸಿದ.

ಸಂಜೆ ಪೆಂಡಾಲಿನಲ್ಲಿ ಆರತಿಗೂ ಸೇರದಷ್ಟು ಜನ ಸೇರಿದ್ದರು. ಎಡಗಡೆ ದೇವರಾಜನ ಕಪ್ಪು ಬಟ್ಟೆಯವರು, ಬಲಗಡೆ ಬಸಲಿಂಗಯ್ಯನವರ ಹಿರಿಯರು, ಹಿಂದೆ ಹೆಂಗಸರು. ಮಧ್ಯದಲ್ಲಿ ಗಣಪ ಒಬ್ಬನೇ ಯಾವ ಪಕ್ಷಕ್ಕೂ ಸೇರದೆ ಕೂತಿದ್ದ. ವೇದಿಕೆಯ ಮೇಲೆ ಚನಬಸಪ್ಪ, ಹಸೆಗೆ ಕೂತ ಮದುಮಗನಂತೆ ಬೆವರುತ್ತ, ಡ್ರಮ್ಮು ಬಾರಿಸತೊಡಗಿದ.

ಮೊದಲ ಸಾಲಿನಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಬಂದು ಕೈ ತಟ್ಟಿದರು. ಬಾಯ್ಲರಿನವನು ತಟ್ಟಿದ, ಡ್ರಮ್ಮು ಓಡಿತು. ಬಿದಿರಿನ ಯಾರ್ಡಿನವನು ತಟ್ಟಿದ, ಡ್ರಮ್ಮು ಓಡಿತು. ಮಿಲ್ಲಿನ ಕ್ಲಾರ್ಕು ದೇವರಿಗೆ ಮಂಗಳಾರತಿ ಎತ್ತಿದ ಹಾಗೆ ಕೈ ಆಡಿಸಿದ, ಜನ ನಕ್ಕರು, ಡ್ರಮ್ಮು ನಗಲಿಲ್ಲ. ಕಡೆಗೆ ಉಳವಪ್ಪನ ಸರದಿ.

“ಅವರ ಕೈ ಸುಟ್ಟೈತ್ರಿ,” ಎಂದು ಹಿಂದಿನಿಂದ ಮಾಲವ್ವ ಕೂಗಿದಳು. “ಒಳಗುಳ್ಳಿ!”

“ಎಡಗೈ ಐತಲ್ಲ?” ಎಂದ ದೇವರಾಜ.

ಉಳವಪ್ಪ ಎಡಗೈ ಎತ್ತಿ ಗಾಳಿ ತಟ್ಟಿದ. ಆದರೆ ಚನಬಸಪ್ಪನ ಕೈಗಳಿಗೆ ಮಿಸ್ತ್ರಿಯ ಎಡಗೈಯ ಪರಿಚಯವೇ ಇರಲಿಲ್ಲ. ಡ್ರಮ್ಮು ಒಂದಿಷ್ಟೂ ಕುಂದದೆ ಓಡಿತು. ಉಳವಪ್ಪ ಬದುಕಿದೆ ಎಂದುಕೊಂಡ. ಎದೆಯ ಮೇಲಿನ ಕಾಗದದ ರೀಲು ಇಳಿದಂತಾಗಿ, ವೇದಿಕೆಯ ಮೆಟ್ಟಿಲಿನ ಮೇಲೇ ಕೂತುಬಿಟ್ಟ.

ಕೈ ಸಿಗಲಿಲ್ಲ. ಸಿಗದಿದ್ದಾಗ ಸಿಟ್ಟು ಎಲ್ಲಿ ಹೋಗಬೇಕು? ಅದು ಬ್ಯಾಂಡಿನ ಮೇಲೆ ತಿರುಗಿತು.

“ಹಂಗಾದ್ರ ಕೈನೂ ಸುಳ್ಳ, ಇವರ ಮಾತೂ ಸುಳ್ಳ!” ದೇವರಾಜ ಕೂಗಿದ. “ಈ ಮಂದೀನ ರೊಕ್ಕಾ ಕೊಡೂ ಮದುವಿ ಕಾರ್ಯಕ್ರಮ ಸಿಗಲಂತ ಬೇಕಂತ ಮೆತ್ತಗ ಆಗ್ಯಾರ. ಜ್ಯೋತಿಬಾ, ಆ ಗಿಟಾರ್ ಇಲ್ಲಿ ಕೊಡು. ನಿನಗ ಅದು ಬ್ಯಾಡ, ಏಕತಾರಿ ಹಿಡಿ.”

“ಗಿಟಾರ್ ಮುಟ್ಟಿದ್ರ ನೋಡು!” ಎಂದು ಬಸಲಿಂಗಯ್ಯ ಊರುಗೋಲು ಎತ್ತಿದರು. ಎಡಗಡೆಯವರು ವೇದಿಕೆ ಹತ್ತಿದರು, ಬಲಗಡೆಯವರು ಅವರ ಅಂಗಿ ಹಿಡಿದು ಎಳೆದರು. ಒಂದು ಕುರ್ಚಿ ಮೇಲಕ್ಕೆ ಹೋಯಿತು. ಪೆಂಡಾಲಿನ ಬಿದಿರು ಕಿರುಗುಟ್ಟಿತು. ಗದ್ದಲಕ್ಕೆ ಹೆದರಿದ ಚನಬಸಪ್ಪ ಬಾರಿಸುವುದನ್ನು ನಿಲ್ಲಿಸುವ ಬದಲು ಇನ್ನೂ ಜೋರು ಮಾಡಿದ. ಡ್ರಮ್ಮು ಜೋರಾದಷ್ಟು ಜನ ಜೋರಾದರು. ಇಬ್ಬರು ಹಿಡಿದು ಜಗ್ಗುತ್ತಿದ್ದ ಗಿಟಾರಿನ ನಡುವೆ ಜ್ಯೋತಿಬಾ ಸಿಕ್ಕಿಹಾಕಿಕೊಂಡಿದ್ದ. ಗಣಪನ ಕೈಯಲ್ಲಿನ ಮೋದಕ ಅಲ್ಲಾಡತೊಡಗಿತು.

ಉಳವಪ್ಪನಿಗೆ ಹೆಂಡತಿ ಮರೆತುಹೋದಳು, ತೇರಗಾಂವ ಮರೆತುಹೋಯಿತು. ಹೆಚ್ಚು ಓಡುತ್ತಿರುವ ಏನನ್ನು ಕಂಡರೂ ಅವನ ಕೈ ಮಾಡುವುದು ಒಂದೇ ಕೆಲಸ. ಅವನು ಮೆಟ್ಟಿಲಿನ ಮೇಲೆ ಎದ್ದು ನಿಂತು, ಸೀರೆ ಸುತ್ತಿದ ಆ ದಪ್ಪ ಬಲಗೈಯನ್ನು ಎತ್ತಿ ಗಾಳಿಯನ್ನು ತಟ್ಟಿದ.

ಡ್ರಮ್ಮು ನಿಧಾನವಾಯಿತು.

ಡ್ರಮ್ಮೊಂದೇ ಅಲ್ಲ. ಎರಡೂ ಪಕ್ಷದಲ್ಲಿದ್ದವರಲ್ಲಿ ಅರ್ಧಕ್ಕರ್ಧ ಮಶಿನ್ನಿನವರು. ಎತ್ತಿದ ಕುರ್ಚಿ ಮೆಲ್ಲಗೆ ಕೆಳಗಿಳಿಯಿತು. ಅಂಗಿಯ ಕಾಲರು ಹಿಡಿದವರು ಬಿಟ್ಟರು. ಗಿಟಾರು ಜಗ್ಗುತ್ತಿದ್ದ ಇಬ್ಬರೂ ಒಟ್ಟಿಗೇ ಕೈಬಿಟ್ಟದ್ದರಿಂದ ಜ್ಯೋತಿಬಾ ಗಣಪನ ಪಾದದ ಬಳಿ ಕೂತ. ಸದ್ದಡಗಿತು. ಎಲ್ಲರ ಕಣ್ಣೂ ಆ ಕೈಯ ಮೇಲೆ ನಿಂತವು. ಕೈಯ ಮೇಲೆ ಇರುವೆಗಳು ಸಾಲಾಗಿ ಹೋಗುತ್ತಿದ್ದವು.

“ಮಾವಾ,” ಎಂದ ಜ್ಯೋತಿಬಾ, “ನಿಮ್ಮದಾ?”

“ನಂದಪಾ,” ಎಂದ ಉಳವಪ್ಪ. ಇನ್ನು ಮುಚ್ಚಿಡುವುದು ಏನಿತ್ತು? “ನಿದ್ದಿಗಣ್ಣಿನ್ಯಾಗ ಆತು. ಕನಸಿನ್ಯಾಗ ಕಾಗದ ಹರಿಯಾಕತ್ತಿತ್ತು. ನಿನ್ನ ಹಾಡು ಕೆಡಿಸ್ಬೇಕಂತ ಮಾಡಿದ್ದಲ್ಲ. ತಪ್ಪಾತು.”

ದೇವರಾಜ ಮುಂದೆ ಬಂದ. ಕೈಯನ್ನೂ ನೋಡಿದ, ತನ್ನ ಹಿಂದೆ ನಿಂತವರನ್ನೂ ನೋಡಿದ. ಅವರಲ್ಲಿ ಬಹಳಷ್ಟು ಜನ ಮರುದಿನ ಪಾಳಿಗೆ ಹೋದರೆ ಇದೇ ಮಿಸ್ತ್ರಿಯ ಮುಂದೆ ನಿಲ್ಲಬೇಕಾದವರು. ಅವರು ಆಗಲೇ ತೋಳಿನ ಕಪ್ಪು ಬಟ್ಟೆ ಬಿಚ್ಚಿ ಮೂಗು ಒರೆಸಿಕೊಳ್ಳುತ್ತಿದ್ದರು.

“ಮಿಸ್ತ್ರಿ ಕೈ ಮುರಿಯಾಕ ಆಗೂದಿಲ್ಲ ಬಿಡ್ರಿ,” ಎಂದ ಕಡೆಗೆ. “ಆದ್ರ ನಮಗ ನಮ್ಮ ಥಂಡರ್ಸ್ ಬೇಕು.”

“ನಮಗ ನಮ್ಮ ಥಂಡರ್ಸ್ ಬೇಕು,” ಎಂದರು ಬಸಲಿಂಗಯ್ಯ. ಕಡಗ ಹಾಕೋಣವೆಂದರೆ ಆ ಲೋಡಿನಂಥ ಕೈಗೆ ಅದು ಹೋಗುವಂತಿರಲಿಲ್ಲ.

ಇಬ್ಬರೂ ಕೇಳುತ್ತಿದ್ದುದು ಒಂದೇ ಬ್ಯಾಂಡನ್ನು. ಅದನ್ನು ಹೇಳುವ ಧೈರ್ಯ ಉಳವಪ್ಪನಿಗೆ ಆ ಹೊತ್ತಿಗೆ ಎಲ್ಲಿಂದಲೋ ಬಂತು. “ಅರ್ಧಾ ಹೊತ್ತು ಜೋರ ಬಾರಸ್ರಿ, ಅರ್ಧಾ ಹೊತ್ತು ನಿಧಾನ ಬಾರಸ್ರಿ. ಯಾವಾಗ ಯಾವುದು ಅಂತ ಬೇಕಾದ್ರ ನಾನ ಕೈ ತೋರಸ್ತೇನಿ,” ಎಂದ. ಎರಡೂ ಕಡೆಯವರು ಗೊಣಗಿದರು, ಆಮೇಲೆ ಒಪ್ಪಿದರು. ಆರತಿ ಆಯಿತು, ಪಂಚಕಜ್ಜಾಯ ಹಂಚಿದರು. ಜಗಳವಾಡಿದವರೇ ಕುರ್ಚಿ ಸರಿಮಾಡಿದರು.

ಊರು ತಣ್ಣಗಾಯಿತು. ಉಳವಪ್ಪ ಮಾತ್ರ ಹೆಂಡತಿಯ ಹಿಂದೆ ನಾಲ್ಕು ಮಾರು ಅಂತರ ಬಿಟ್ಟು, ಗಲ್ಲಿಗೆ ಹೊರಟವನಂತೆ ಮನೆಗೆ ನಡೆದ. ಅವಳು ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡಲಿಲ್ಲ. ಮನೆಗೆ ಬಂದು ಒಲೆ ಹೊತ್ತಿಸಲಿಲ್ಲ. ಮೇಲಿನ ಹಲಗೆಗೆ ಕೈ ಹಾಕಿದಳು. ಅಲ್ಲಿಯೇ ಅವಳ ಗಂಟು ಇರುವುದು.

“ನಿರ್ಮಲಾ, ಒಂದ ಮಾತು ಕೇಳು,” ಎಂದ ಉಳವಪ್ಪ. “ಬೇಕಾದ್ರ ಬೈ. ನಾಲ್ಕು ಮಂದಿ ಮುಂದ ನಿನ್ನ ತಮ್ಮನ ಕಾಲು ಹಿಡಿ ಅಂದ್ರೂ ಹಿಡೀತೇನಿ. ತೇರಗಾಂವಕ್ಕ ಮಾತ್ರ ಹೋಗಬ್ಯಾಡ.”

ನಿರ್ಮಲಾ ಹಲಗೆಯಿಂದ ತೆಗೆದದ್ದು ಗಂಟಲ್ಲ, ದೊಡ್ಡ ಬೋಗುಣಿ. ಅವನನ್ನು ಕೂರಿಸಿ, ಸೀರೆಯ ಸುತ್ತು ಬಿಚ್ಚಿ, ಜೇನು, ಹಿಟ್ಟು, ಶಾಯಿ, ಇರುವೆ ಎಲ್ಲವನ್ನೂ ತೊಳೆಯತೊಡಗಿದಳು. ತೊಳೆಯುತ್ತ ತೊಳೆಯುತ್ತ ಅವಳ ಭುಜಗಳು ಕುಲುಕಿದವು. ಅಳುತ್ತಿದ್ದಾಳೆಂದು ಉಳವಪ್ಪ ಬಗ್ಗಿ ನೋಡಿದರೆ ಅವಳು ನಗುತ್ತಿದ್ದಳು.

“ನಾ ನಿನ್ನೇನ ನೋಡೇನ್ರಿ,” ಎಂದಳು. “ನಿಮ್ಮ ಹಿಂದಿನ ಸಾಲಿನಾಗ ಕುಂತಿದ್ನಿ. ಮುಂಜಾನೆಯಿಂದ ನಿಮ್ಮ ಮಾರಿ ನೋಡಿ ನಗು ತಡ್ಕೊಳ್ಳೂದ ದೊಡ್ಡ ಕೆಲಸ ಆಗಿತ್ತು. ತಣ್ಣೀರಿನ ಹಂಡೇದಾಗ ಕೈ ಸುಡೂದು ಹೆಂಗ್ರೀ?”

“ಮತ್ತ ಸುಮ್ಮನ ಯಾಕ ಇದ್ದಿ?”

“ಇನ್ನೇನ್ ಮಾಡ್ಲಿ? ಆ ಸಪ್ಪಳ ಕೇಳಿ ಕೇಳಿ ನನ್ನ ತಲಿ ಒಡದು ಹೋಳಾಗಿತ್ತು. ಎದಿಗೆ ಹಾಕ್ಕೊಂಡು ಬೆಳಸಿದ ತಮ್ಮಗ, ‘ನಿಂದು ಸಾಕೋ ಮಾರಾಯಾ’ ಅಂತ ಹೆಂಗ ಹೇಳ್ಲಿ? ನಿನ್ನೆ ನೀವು ಕೈ ಎತ್ತಿದ್ರಲ್ಲ, ನನಗ ಜೀವ ಬಂದಂಗಾತು. ಆ ಕೈ ಯಾರಿಗೂ ಸಿಗಬಾರ್ದಂತ ನಾನ ಮೊಳಕೈತನಕ ಸುತ್ತಿದ್ದು.”

ಉಳವಪ್ಪ ದೊಡ್ಡದೊಂದು ಉಸಿರು ಬಿಟ್ಟ. ಬೆಳಗಿನಿಂದ ಕಟ್ಟಿಟ್ಟಿದ್ದ ಉಸಿರೆಲ್ಲ ಒಮ್ಮೆಗೇ ಹೊರಬಂತು. ಹೆಂಡತಿ ಮನೆಯಲ್ಲಿದ್ದಳು, ಕೈ ಮೈಯಲ್ಲಿತ್ತು, ನಾಳೆಯ ಪಾಳಿ ಮಧ್ಯಾಹ್ನಕ್ಕೆ. ಈ ಲೋಕದಲ್ಲಿ ತನ್ನಷ್ಟು ಸುಖಿ ಯಾರೂ ಇಲ್ಲ ಎನಿಸಿ, ನಿರ್ಮಲಾ ಒಲೆ ಹೊತ್ತಿಸಿ ಬಡಿದುಕೊಟ್ಟ ಬಿಸಿ ರೊಟ್ಟಿಯನ್ನು ತೊಳೆದ ಬಲಗೈಯಿಂದಲೇ ಮುರಿದು ಉಂಡ. ಉಂಡವನು ಹಾಸಿಗೆ ಬಿಡಿಸುತ್ತಿದ್ದ. ಬಾಗಿಲು ಬಡಿದ ಸದ್ದಾಯಿತು.

ಮೊದಲು ಒಳಗೆ ಬಂದದ್ದು ದೊಡ್ಡ ಡ್ರಮ್ಮು. ಅದರ ಹಿಂದೆ ಚನಬಸಪ್ಪ, ಅವನ ಹಿಂದೆ ಎರಡು ಸ್ಪೀಕರು, ಕಡೆಗೆ ಗಿಟಾರು ಹಿಡಿದ ಜ್ಯೋತಿಬಾ. ಉಳವಪ್ಪ ಹಾಸಿಗೆ ಹಿಡಿದುಕೊಂಡು ನಿಂತಲ್ಲೇ ನಿಂತ.

“ದೇವರಾಜ ಶೆಡ್ಡಿನ ಕೀಲಿ ತಗದ್ರೀ ಮಾವಾ,” ಎಂದ ಜ್ಯೋತಿಬಾ. “ಆದ್ರ ಅವರ ಕಾಕಾ ಶೆಡ್ಡು ಖಾಲಿ ಬಿತ್ತು, ಇದ ಛಲೋ ಸಂಧಿ ಅಂತ ಅದ್ರಾಗ ಗೋವಿನಜೋಳದ ಚೀಲ ಒಟ್ಟಿಬಿಟ್ಟಾನ. ದಿನಾ ಎಲ್ಲಿ ಬಾರಿಸೂದು ಅಂತ ಕುಂತಾಗ ಅಕ್ಕಾನ ಅಂದ್ಳು, ‘ನಮ್ಮ ಮನ್ಯಾಗ ಬಾರಸ್ರೋ’ ಅಂತ.”

“ನೀ ಅಂದ್ಯಾ?”

“ಪೆಂಡಾಲಿನಾಗ ಅಂದ್ನಿ,” ಎಂದಳು ನಿರ್ಮಲಾ, ತಮ್ಮನ ತಲೆ ಸವರುತ್ತ. “ಈಗ ಸಪ್ಪಳ ಇಲ್ಲಲ್ರೀ. ಮದ್ಲ ಜೋರ ಇತ್ತಂತ ಕಾಲನಿಯವರು ಹೊರಗ ಹಾಕಿದ್ರು. ಈಗ ಮೆತ್ತಗ ಆಗ್ಯಾರ, ಯಾರೂ ಏನೂ ಅನ್ನೂದಿಲ್ಲ. ನೀವಂತೂ ಕೈ ತೋರಿಸಾಕ ಮನ್ಯಾಗ ಇರ್ತೀರಿ.”

ಮೆತ್ತಗಾದ ಥಂಡರ್ಸ್ ಕೇಳಲು ಬಸಲಿಂಗಯ್ಯ ತಮ್ಮ ಕುರ್ಚಿಯನ್ನು ತಾವೇ ಹೊತ್ತುಕೊಂಡು ಬಂದರು. ಉಳವಪ್ಪ ಹಾಸಿಗೆಯನ್ನು ಸುತ್ತಿ ಮೂಲೆಗಿಟ್ಟು ಗೋಡೆಗೊರಗಿ ಕೂತು, ಗಾಳಿಯನ್ನು ತಟ್ಟಿದ. ‘ಭೋಂಗಾ ಆತೋ’ ನಿಧಾನವಾಗಿ ಹರಿಯಿತು. ನಿಜಕ್ಕೂ ಅದು ಕೇಳಲು ಚೆನ್ನಾಗಿತ್ತು. ಬಸಲಿಂಗಯ್ಯ ಕಣ್ಣು ಮುಚ್ಚಿದರು. ನಿರ್ಮಲಾ ತಲೆದೂಗಿದಳು. ಹೋಗಲಿ, ಇಷ್ಟೇ ಆದರೆ ತಾನೂ ಕೂತಲ್ಲೇ ಒಂದು ನಿದ್ದೆ ತೆಗೆಯಬಹುದು ಎಂದು ಉಳವಪ್ಪನೂ ಸಮಾಧಾನಪಟ್ಟುಕೊಂಡ.

ಹಾಡು ಮುಗಿಯಿತು. ಜ್ಯೋತಿಬಾ ಸ್ಪೀಕರಿನ ಗುಂಡಿಯನ್ನು ಕಡೆಯವರೆಗೆ ತಿರುವಿದ.

“ಅಕ್ಕಾ, ಅಯ್ಯಾರದು ಆತು,” ಎಂದ. “ಇನ್ನ ದೇವರಾಜಂದು ಅರ್ಧಾ ಐತಲ್ಲ. ಒಪ್ಪಂದ ಮಾಡಿದವರು ಮಾವಾನ. ಮಾವಾ, ಬೆರಳು ಚಿಮ್ಮಸ್ರಿ.”

ಬಸಲಿಂಗಯ್ಯ ಕಣ್ಣು ತೆರೆದು, ಕುರ್ಚಿ ಎತ್ತಿಕೊಂಡು ಹೊರಟರು. ನಿರ್ಮಲಾ ತಮ್ಮನ ಮುಖ ನೋಡಿದಳು. ಬೇಡ ಎಂದು ಅವನಿಗೆ ಹೇಳುವುದು ಅವಳಿಂದ ಇವತ್ತೂ ಆಗಲಿಲ್ಲ. ಎದ್ದು ಒಳಗೆ ಹೋಗಿ, ದೀಪದ ಬತ್ತಿಗೆಂದು ಇಟ್ಟ ಹತ್ತಿಯ ಉಂಡೆಯನ್ನು ತಂದಳು. ಅರ್ಧ ಹರಿದು ತನ್ನ ಕಿವಿಗೆ ತುರುಕಿಕೊಂಡು, ಉಳಿದರ್ಧವನ್ನು ಗಂಡನ ಕೈಗೆ ಕೊಟ್ಟು ಅವನ ಪಕ್ಕದಲ್ಲೇ ಕೂತಳು. ಉಳವಪ್ಪ ಹತ್ತಿಯನ್ನು ಕಿವಿಗಿಟ್ಟುಕೊಂಡು ಬೆರಳು ಚಿಮ್ಮಿಸಿದ.